ಲಿಖಿತ ಕಾನೂನು ಮತ್ತು ಹಿಡಿಮಣ್ಣು: ಗಾಫ್ ವಿಟ್ಲಮ್ ಜೀವನಕಥನದ ಒಂದು ಜಾನಪದೀಯ ಓದು

ಆಧುನಿಕ ರಾಜಕಾರಣಿಯೊಬ್ಬರ ಜೀವನವನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸಬಹುದೇ ಎಂಬ ಪ್ರಶ್ನೆಗೆ ನಮ್ಮ ವಿದ್ವತ್ ವಲಯದಲ್ಲಿ ಹಿಂಜರಿಕೆಯ ಉತ್ತರಗಳೇ ಹೆಚ್ಚಾಗಿ ದೊರೆಯುತ್ತವೆ. ಐತಿಹ್ಯವೆಂಬುದು ಅರಸರು, ಪಾಳೆಯಗಾರರು, ಸಾಂಸ್ಕೃತಿಕ ವೀರರು ಇವರ ಸುತ್ತ ಬೆಳೆಯುವಂಥದು, ಪತ್ರಾಗಾರ, ವೃತ್ತಪತ್ರಿಕೆ, ದೂರದರ್ಶನಗಳಿರುವ ಸಮಾಜದಲ್ಲಿ ಅದಕ್ಕೆ ಅವಕಾಶವಿಲ್ಲ ಎಂಬ ಗ್ರಹಿಕೆಯೇ ಇದಕ್ಕೆ ಕಾರಣ. ಈ ಗ್ರಹಿಕೆ ಪೂರ್ತಿ ಸರಿಯಲ್ಲ. ದಾಖಲೆ ಹೇರಳವಾಗಿರುವ ಕಡೆಯಲ್ಲಿಯೂ ಜನಸಮುದಾಯವು ತನಗೆ ಬೇಕಾದ ಎರಡು ಮೂರು ಗಳಿಗೆಗಳನ್ನು ಆರಿಸಿಕೊಂಡು, ಉಳಿದುದನ್ನು ಗ್ರಂಥಾಲಯಕ್ಕೆ ಬಿಟ್ಟುಕೊಡುತ್ತದೆ. ಆಸ್ಟ್ರೇಲಿಯದ ಪ್ರಧಾನಿಯಾಗಿದ್ದ ಎಡ್ವರ್ಡ್ ಗಾಫ್ ವಿಟ್ಲಮ್ ಅವರ ಜೀವನಕಥನವು ಇಂಥ ಆಯ್ಕೆ ನಡೆಯುವ ಬಗೆಯನ್ನು ತಿಳಿಯಲು ಒಳ್ಳೆಯ ನಿದರ್ಶನ.

ವಿಟ್ಲಮ್ ವೃತ್ತಿಯಿಂದ ನ್ಯಾಯವಾದಿ. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ಅಧಿಕಾರಿ. 1972ರ ಡಿಸೆಂಬರ್ 5ರಿಂದ 1975ರ ನವೆಂಬರ್ 11ರವರೆಗೆ ಪ್ರಧಾನಿ. ಅವರ ಬದುಕಿನ ದೀರ್ಘಕಾಲದ ಹಂಬಲ ಒಂದು ಲಿಖಿತ ಪಠ್ಯವನ್ನು, ಅಂದರೆ ತಮ್ಮ ದೇಶದ ಸಂವಿಧಾನವನ್ನು, ಬದಲಿಸುವುದಾಗಿತ್ತು. ಅದರಲ್ಲಿ ಅವರು ಪ್ರಧಾನಿಯಾಗಿದ್ದಾಗ ಒಮ್ಮೆಯೂ ಗೆಲ್ಲಲಿಲ್ಲ. ಜನಸ್ಮೃತಿಯಲ್ಲಿ ಉಳಿದಿರುವುದಾದರೋ ಬರಹಕ್ಕೆ ಸೇರದ ಎರಡು ಪ್ರಸಂಗಗಳು: ಸಂಸತ್ತಿನ ಮೆಟ್ಟಿಲ ಮೇಲೆ ಆಡಿದ ಒಂದು ಮಾತು, ಮೂಲನಿವಾಸಿ ಹಿರಿಯರೊಬ್ಬರ ಅಂಗೈಗೆ ಸುರಿದ ಒಂದು ಹಿಡಿ ಮಣ್ಣು. ಈ ಎರಡು ಕೊನೆಗಳ ನಡುವಿನ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಟ್ಲಮ್ ಜನಿಸಿದ್ದು 1916ರ ಜುಲೈ 11ರಂದು, ಮೆಲ್ಬರ್ನ್ ನಗರದ ಕ್ಯೂ ಎಂಬಲ್ಲಿ. ತಂದೆ ಫ್ರೆಡ್ ವಿಟ್ಲಮ್ ಕೇಂದ್ರ ಸರ್ಕಾರದ ಕಾನೂನು ಅಧಿಕಾರಿ. ಮುಂದೆ ಕ್ರೌನ್ ಸಾಲಿಸಿಟರ್ ಹುದ್ದೆಗೇರಿದವರು. ಆಗತಾನೇ ಕಟ್ಟುತ್ತಿದ್ದ ರಾಜಧಾನಿ ಕ್ಯಾನ್‌ಬೆರಾದಲ್ಲಿ, ಸರ್ಕಾರಿ ನೌಕರರ ಕುಟುಂಬಗಳ ನಡುವೆ ಬಾಲಕ ಬೆಳೆದನು. ದೇಶವನ್ನು ರಾಜ್ಯಗಳ ಕೂಟವೆಂದು ನೋಡದೆ ಕೇಂದ್ರದಿಂದ ನೋಡುವ ಅಭ್ಯಾಸ ಅಲ್ಲಿಂದಲೇ ಬಂದಿತೆಂದು ಊಹಿಸಿದರೆ ತಪ್ಪಾಗಲಾರದು. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯಗಳ ವ್ಯಾಸಂಗ, ಬಳಿಕ ಕಾನೂನು. ಕಾನೂನಿನ ಓದು ಮುಗಿಯುವ ಮುನ್ನವೇ ಯುದ್ಧ ಬಂದಿತು. ಜಪಾನೀಯರು ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಬೆನ್ನಿಗೆ, 1941ರ ಡಿಸೆಂಬರಿನಲ್ಲಿ, ಅವರು ವಾಯುಪಡೆಗೆ ಹೆಸರು ಕೊಟ್ಟರು. 1942ರ ಏಪ್ರಿಲ್ 22ರಂದು ಮಾರ್ಗರೆಟ್ ಡವಿ ಅವರೊಡನೆ ವಿವಾಹವಾಯಿತು. 1938ರ ಎಂಪೈರ್ ಕ್ರೀಡಾಕೂಟದಲ್ಲಿ ದೇಶದ ಪರವಾಗಿ ಈಜಿದ್ದ ಈಕೆ ಮುಂದೆ ಸ್ವತಂತ್ರವಾಗಿ ಜನಾದರಣೆ ಗಳಿಸಿದವರು. ಮದುವೆಯಾಗಿ ಎರಡು ತಿಂಗಳಿಗೆ ಸೇನೆಯ ಕರೆ ಬಂದಿತು.

ವಾಯುಪಡೆಯಲ್ಲಿ ವಿಟ್ಲಮ್ ನ್ಯಾವಿಗೇಟರ್, ಅಂದರೆ ವಿಮಾನದ ಪಥನಿರ್ದೇಶಕ. 13ನೆಯ ಸ್ಕ್ವಾಡ್ರನ್ನಿನ ವೆಂಚುರಾ ಬಾಂಬರ್ ವಿಮಾನಗಳಲ್ಲಿ ದೇಶದ ಉತ್ತರ ಕರಾವಳಿಯಾಚೆ ಹಾರಾಟ ನಡೆಸಿ, ಫ್ಲೈಟ್ ಲೆಫ್ಟಿನೆಂಟ್ ದರ್ಜೆಗೇರಿ, 1945ರ ಅಕ್ಟೋಬರಿನಲ್ಲಿ ಬಿಡುಗಡೆ ಹೊಂದಿದರು. ಸೈನಿಕ ವೀರಗಾಥೆಯ ದೃಷ್ಟಿಯಿಂದ ಇಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಜನರೂ ಅವರನ್ನು ಯೋಧರೆಂದು ನೆನೆಯುವುದಿಲ್ಲ. ಆದರೆ ಅವರ ರಾಜಕೀಯ ಜೀವನದ ಬೀಜ ಬಿದ್ದುದು ಸಮವಸ್ತ್ರದಲ್ಲಿದ್ದಾಗಲೇ.

1944ರ ಆಗಸ್ಟ್ 19ರಂದು ಆಸ್ಟ್ರೇಲಿಯದಲ್ಲಿ ಒಂದು ಜನಮತಗಣನೆ ನಡೆಯಿತು. ಯುದ್ಧಾನಂತರದ ಪುನರ್ನಿರ್ಮಾಣಕ್ಕಾಗಿ ಕೇಂದ್ರ ಸಂಸತ್ತಿಗೆ ಐದು ವರ್ಷಗಳ ಅವಧಿಗೆ ಹದಿನಾಲ್ಕು ಹೊಸ ಅಧಿಕಾರಗಳನ್ನು ಕೊಡಬೇಕೆಂಬುದು ಜಾನ್ ಕರ್ಟಿನ್ ಅವರ ಲೇಬರ್ ಸರ್ಕಾರದ ಕೋರಿಕೆ. ಮರಳಿಬರುವ ಸೈನಿಕರ ಪುನರ್ವಸತಿ, ಉದ್ಯೋಗ, ರಾಷ್ಟ್ರೀಯ ಆರೋಗ್ಯ, ಕುಟುಂಬ ಭತ್ಯೆ ಮೊದಲಾದವು ಪಟ್ಟಿಯಲ್ಲಿದ್ದವು. ಅದೇ ಪಟ್ಟಿಯಲ್ಲಿ ಮೂಲನಿವಾಸಿ ಜನರ ಕುರಿತು ಶಾಸನ ಮಾಡುವ ಅಧಿಕಾರವೂ ಒಂದು ಎಂಬುದು ಗಮನಾರ್ಹ. ಅಲ್ಲಿಯವರೆಗೆ ಆ ವಿಷಯ ರಾಜ್ಯಗಳ ಕೈಯಲ್ಲಿತ್ತು. ವಿಟ್ಲಮ್ ತಮ್ಮ ದಳದ ಸಹಚರರ ನಡುವೆ ಇದರ ಪರವಾಗಿ ಪ್ರಚಾರ ಮಾಡಿದರು. ಸುಮಾರು ಶೇಕಡ 46ರಷ್ಟು ಮತಗಳು ಮಾತ್ರ ಪರವಾಗಿ ಬಂದವು. ಆರು ರಾಜ್ಯಗಳಲ್ಲಿ ಎರಡೇ ಒಪ್ಪಿದವು. ಆ ಸೋಲಿನ ನಿರಾಶೆಯೇ ಸಂವಿಧಾನವನ್ನು ಆಧುನಿಕಗೊಳಿಸುವ ಕಾರ್ಯಕ್ಕೆ ತಮ್ಮನ್ನು ತೊಡಗಿಸಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. 1945ರ ಆಗಸ್ಟಿನಲ್ಲಿ, ಇನ್ನೂ ಸೇನೆಯಲ್ಲಿದ್ದಾಗಲೇ, ಲೇಬರ್ ಪಕ್ಷದ ಸದಸ್ಯರಾದರು.

ಯುದ್ಧದ ಕೊನೆಯ ಘಟ್ಟದಲ್ಲಿ 13ನೆಯ ಸ್ಕ್ವಾಡ್ರನ್ ಬೀಡುಬಿಟ್ಟಿದ್ದ ಸ್ಥಳದ ಕುರಿತು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದು ಉತ್ತರ ಪ್ರಾಂತ್ಯದ ಈಶಾನ್ಯ ತುದಿಯಲ್ಲಿರುವ ಗೋವ್ ಪರ್ಯಾಯ ದ್ವೀಪ. ಸ್ಥಳನಾಮ ಅಧ್ಯಯನದಲ್ಲಿ ಆಸಕ್ತಿಯುಳ್ಳವರಿಗೆ ಈ ಹೆಸರೇ ಒಂದು ಕಥೆ. 1943ರಲ್ಲಿ ಸತ್ತ ವಿಲಿಯಂ ಗೋವ್ ಎಂಬ ವಾಯುಸೈನಿಕನ ನೆನಪಿಗೆ ಅಲ್ಲಿನ ವಿಮಾನನಿಲ್ದಾಣಕ್ಕೆ ಇಟ್ಟ ಹೆಸರು ಕ್ರಮೇಣ ಇಡೀ ಪರ್ಯಾಯ ದ್ವೀಪಕ್ಕೆ ಹರಡಿತು. ಆತನೂ ಇದೇ ಸ್ಕ್ವಾಡ್ರನ್ನಿನ ನ್ಯಾವಿಗೇಟರ್. ಆದರೆ ಆ ನೆಲದ ಒಂದೊಂದು ಬಂಡೆಗೂ ಹೊಳೆಗೂ ಯೋಲ್ಙು ಜನರು ತಮ್ಮ ಕುಲಗಳ ಹಾಡುಗಳಲ್ಲಿ ಬಹು ಹಿಂದಿನಿಂದಲೇ ಹೆಸರಿಟ್ಟಿದ್ದರು. ಪೂರ್ವಜರು ನಡೆದ ಹಾದಿಯನ್ನು ಕ್ರಮವಾಗಿ ಹಾಡುತ್ತ ಹೋಗುವುದೇ ಅವರಲ್ಲಿ ಭೂಮಿಯ ಒಡೆತನವನ್ನು ಸಾರುವ ವಿಧಾನ. ನಕ್ಷೆ ಹಿಡಿದು ದಾರಿ ತೋರುವ ನ್ಯಾವಿಗೇಟರುಗಳ ಹೆಸರು ಹಾಡು ಹಿಡಿದು ದಾರಿ ತೋರುವವರ ನೆಲದ ಮೇಲೆ ಕುಳಿತದ್ದು ಕೇವಲ ಆಕಸ್ಮಿಕ. ಆದರೂ ಮುಂದಿನ ಘಟನೆಗಳಿಗೆ ಈ ಆಕಸ್ಮಿಕ ಒಳ್ಳೆಯ ಪೀಠಿಕೆ.

ಇದೇ ಗೋವ್ ಪ್ರದೇಶದ ಯಿರ್ಕಲಾ ಎಂಬಲ್ಲಿ 1963ರಲ್ಲಿ, ಬಾಕ್ಸೈಟ್ ಗಣಿಗಾರಿಕೆಗಾಗಿ ಸರ್ಕಾರವು ತಮ್ಮನ್ನು ಕೇಳದೆ ನೆಲವನ್ನು ಬಿಟ್ಟುಕೊಟ್ಟಾಗ, ಯೋಲ್ಙು ಹಿರಿಯರು ಸಂಸತ್ತಿಗೆ ಅರ್ಜಿ ಸಲ್ಲಿಸಿದರು. ತಮ್ಮ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬೆರಳಚ್ಚು ಮಾಡಿದ ಹಾಳೆಗಳನ್ನು ಮರದ ತೊಗಟೆಯ ಹಲಗೆಗೆ ಅಂಟಿಸಿ, ಅಂಚಿನ ಸುತ್ತ ತಮ್ಮ ಕುಲಗಳ ಪವಿತ್ರ ಚಿತ್ತಾರಗಳನ್ನು ಬರೆದಿದ್ದರು. ಸಂಸತ್ತಿನ ಕಣ್ಣಿಗೆ ಹಾಳೆ ಅರ್ಜಿ, ಚಿತ್ತಾರ ಅಲಂಕಾರ. ಬರೆದವರ ಕಣ್ಣಿಗೆ ಚಿತ್ತಾರವೇ ಹಕ್ಕುಪತ್ರ, ಹಾಳೆ ಅದರ ಟಿಪ್ಪಣಿ. ಜನಪದ ಕಲೆಯನ್ನು ಅಲಂಕಾರವೆಂದು ವರ್ಗೀಕರಿಸಿ ಕೈತೊಳೆದುಕೊಳ್ಳುವ ನಮ್ಮ ಸಂಗ್ರಹಾಲಯಗಳ ಪದ್ಧತಿಗೆ ಇದಕ್ಕಿಂತ ಚುರುಕಾದ ಉತ್ತರ ನನಗೆ ತಿಳಿದಂತೆ ಇನ್ನೊಂದಿಲ್ಲ.

ಅರ್ಜಿಯಿಂದ ಗಣಿ ನಿಲ್ಲಲಿಲ್ಲ. ಜನರು ನ್ಯಾಯಾಲಯಕ್ಕೆ ಹೋದರು. ಮಿಲಿರ್‌ಪುಮ್ ಮತ್ತು ನಬಾಲ್ಕೊ ಕಂಪೆನಿಯ ನಡುವಿನ ಈ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ರಿಚರ್ಡ್ ಬ್ಲಾಕ್‌ಬರ್ನ್ 1971ರ ಏಪ್ರಿಲಿನಲ್ಲಿ ಕೊಟ್ಟ ತೀರ್ಪು ಜಾನಪದ ವಿದ್ವಾಂಸರು ಅವಶ್ಯ ಓದಬೇಕಾದುದು. ಹಿರಿಯರು ಬಾಯಿಂದ ಬಾಯಿಗೆ ಬಂದ ಸಂಪ್ರದಾಯವನ್ನು ನುಡಿದ ಸಾಕ್ಷ್ಯವನ್ನು ಅವರು ಕೇಳಿಕೆಯ ಮಾತೆಂದು ತಳ್ಳಿಹಾಕದೆ ಸ್ವೀಕರಿಸಿದರು. ಯೋಲ್ಙು ಜನರಲ್ಲಿ ಸೂಕ್ಷ್ಮವೂ ಸುಸ್ಥಿರವೂ ಆದ ಕಾನೂನು ವ್ಯವಸ್ಥೆಯಿದೆ ಎಂದೂ ಒಪ್ಪಿದರು. ಇಷ್ಟೆಲ್ಲ ಒಪ್ಪಿದ ಮೇಲೆ, ಆ ವ್ಯವಸ್ಥೆಯಲ್ಲಿ ಭೂಮಿಗೂ ಕುಲಕ್ಕೂ ಇರುವ ಸಂಬಂಧವು ಇಂಗ್ಲಿಷ್ ಕಾನೂನು ಗುರುತಿಸುವ ಆಸ್ತಿಹಕ್ಕಲ್ಲ ಎಂದು ದಾವೆಯನ್ನು ವಜಾಮಾಡಿದರು. ಮೌಖಿಕ ಪರಂಪರೆ ಸಾಕ್ಷ್ಯವಾಗಬಲ್ಲುದು, ಒಡೆತನವಾಗಲಾರದು ಎಂಬುದು ಇದರ ಸಾರ.

ಇಷ್ಟರಲ್ಲಿ ವಿಟ್ಲಮ್ 1947ರಲ್ಲಿ ವಕೀಲಿ ವೃತ್ತಿ ಆರಂಭಿಸಿ, 1952ರ ನವೆಂಬರಿನ ಉಪಚುನಾವಣೆಯಲ್ಲಿ ವೆರಿವಾ ಕ್ಷೇತ್ರದಿಂದ ಸಂಸತ್ತಿಗೆ ಬಂದಿದ್ದರು. ವೆರಿವಾ ಎಂಬುದೂ ಒಂದು ಸರೋವರದ ಮೂಲನಿವಾಸಿ ಹೆಸರು. ಕ್ಷೇತ್ರದ ಗಡಿ ಸರಿಯುತ್ತ ಹೋಗಿ ಸರೋವರ ಹೊರಗುಳಿಯಿತು, ಹೆಸರು ಒಳಗುಳಿಯಿತು. 1962ರಲ್ಲಿ ಕ್ವೀನ್ಸ್ ಕೌನ್ಸೆಲ್ ಗೌರವ, 1967ರಲ್ಲಿ ಪಕ್ಷದ ನಾಯಕತ್ವ. ಇಪ್ಪತ್ತಮೂರು ವರ್ಷ ವಿರೋಧಪಕ್ಷದಲ್ಲಿದ್ದ ಲೇಬರ್ ಪಕ್ಷ 1972ರ ಡಿಸೆಂಬರ್ 2ರ ಚುನಾವಣೆಯಲ್ಲಿ ಅವರ ನಾಯಕತ್ವದಲ್ಲಿ ಗೆದ್ದಿತು.

ಅಧಿಕಾರದ ಮೊದಲ ಎರಡು ವಾರ ಜನರ ಬಾಯಲ್ಲಿ ಕಥೆಯಾದುದು ಸಹಜ. ಪೂರ್ಣ ಮಂತ್ರಿಮಂಡಲ ರಚನೆಯಾಗುವವರೆಗೂ ಕಾಯದೆ ವಿಟ್ಲಮ್ ಮತ್ತು ಉಪನಾಯಕ ಲ್ಯಾನ್ಸ್ ಬಾರ್ನಾರ್ಡ್ ಇಬ್ಬರೇ 27 ಖಾತೆಗಳನ್ನು ಹಂಚಿಕೊಂಡು ಆಡಳಿತ ನಡೆಸಿದರು. ಕಡ್ಡಾಯ ಸೈನಿಕ ಭರ್ತಿ ನಿಂತಿತು; ಅದನ್ನು ವಿರೋಧಿಸಿ ಸೆರೆಯಲ್ಲಿದ್ದವರು ಹೊರಬಂದರು. ಸ್ವತಃ ಸ್ವಇಚ್ಛೆಯಿಂದ ಯುದ್ಧಕ್ಕೆ ಹೋಗಿಬಂದವರು ಈ ಆಜ್ಞೆ ಹೊರಡಿಸಿದರೆಂಬುದಕ್ಕೆ ತನ್ನದೇ ತೂಕವಿತ್ತು. ಮುಂದಿನ ಮೂರು ವರ್ಷಗಳಲ್ಲಿ ವಿಶ್ವವಿದ್ಯಾನಿಲಯ ಶುಲ್ಕದ ರದ್ದತಿ, ಹದಿನೆಂಟು ವರ್ಷಕ್ಕೆ ಮತದಾನ, ಸರ್ಕಾರಿ ಆರೋಗ್ಯ ವಿಮೆ, ಹೊಸ ಕೌಟುಂಬಿಕ ಕಾನೂನು ಎಲ್ಲವೂ ಬಂದವು. ಇವುಗಳ ವಿವರ ಅನ್ಯತ್ರ ಲಭ್ಯವಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ನಮಗೆ ಮುಖ್ಯವಾದುದು ಲಿಖಿತ ಸಂವಿಧಾನದೊಡನೆ ಅವರ ಹೋರಾಟ. 1973ರ ಡಿಸೆಂಬರಿನಲ್ಲಿ ಎರಡು, 1974ರ ಮೇ ತಿಂಗಳಲ್ಲಿ ನಾಲ್ಕು, ಹೀಗೆ ಒಟ್ಟು ಆರು ತಿದ್ದುಪಡಿಗಳನ್ನು ಜನರ ಮುಂದಿಟ್ಟರು. ಆರೂ ಸೋತವು. 1944ರ ನಿರಾಶೆಯನ್ನು ಪ್ರಧಾನಿಯಾಗಿ ಮತ್ತೆ ಉಣ್ಣಬೇಕಾಯಿತು. ಆದರೆ ನ್ಯಾಯವಾದಿಯ ಬುದ್ಧಿ ಬೇರೆ ದಾರಿಗಳನ್ನು ಬಲ್ಲುದು. ಸಂವಿಧಾನದ 96ನೆಯ ವಿಧಿಯಂತೆ ಕೇಂದ್ರವು ರಾಜ್ಯಗಳಿಗೆ ಷರತ್ತುಬದ್ಧ ಅನುದಾನ ಕೊಡಬಹುದು. ಈ ಒಂದು ಸಾಲಿನ ಬಲದಿಂದ ಅವರು ಶಾಲೆಗಳಿಗೆ, ಸಿಡ್ನಿಯ ಪಶ್ಚಿಮ ಬಡಾವಣೆಗಳ ಒಳಚರಂಡಿಗೆ ಹಣ ಹರಿಸಿದರು. ವಿದೇಶ ವ್ಯವಹಾರಗಳ ಅಧಿಕಾರವನ್ನು ಆಧರಿಸಿ, ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಜಾರಿಗೊಳಿಸುವ ನೆಲೆಯಲ್ಲಿ 1975ರ ಜನಾಂಗೀಯ ತಾರತಮ್ಯ ನಿಷೇಧ ಕಾಯಿದೆಯನ್ನು ತಂದರು. 1982ರಲ್ಲಿ ಹೈಕೋರ್ಟ್ ಇದರ ಸಿಂಧುತ್ವವನ್ನು ಎತ್ತಿಹಿಡಿಯಿತು. ಟಾರೆಸ್ ಜಲಸಂಧಿಯ ಮೇರ್ ದ್ವೀಪದ ಜನರ ಭೂಹಕ್ಕನ್ನು ಅಳಿಸಲು ಕ್ವೀನ್ಸ್‌ಲ್ಯಾಂಡ್ ರಾಜ್ಯವು ಮಾಡಿದ ಶಾಸನವು 1988ರಲ್ಲಿ ಬಿದ್ದುಹೋದದ್ದು ಇದೇ ಕಾಯಿದೆಯಿಂದ. ಆ ಹಾದಿ ತೆರೆದದ್ದರಿಂದಲೇ 1992ರ ಜೂನ್ 3ರ ಮಾಬೊ ತೀರ್ಪು ಸಾಧ್ಯವಾಯಿತು. ಬ್ಲಾಕ್‌ಬರ್ನ್ ಅವರ ತೀರ್ಮಾನವನ್ನು ಹೈಕೋರ್ಟ್ ಆಗ ತಿರಸ್ಕರಿಸಿತು. ಪರಂಪರಾಗತ ಒಡೆತನ ಕಾನೂನಿನ ಕಣ್ಣಿಗೆ ಕಾಣುವಂತಾಯಿತು. ಜನಪ್ರಿಯ ಕಥನದಲ್ಲಿ ಈ ಸರಪಳಿಗೆ ಜಾಗವೇ ಇಲ್ಲ. ಕಾಯಿದೆಯ ಕಲಮುಗಳು ಹಾಡಿಗೆ ಒಗ್ಗುವುದಿಲ್ಲವಷ್ಟೆ.

ಹಾಡಿಗೂ ಮಾತಿಗೂ ಒಗ್ಗಿದ್ದು ಪತನದ ಕಥೆ. ಸೆನೆಟ್ ಸಭೆಯಲ್ಲಿ ಬಹುಮತವಿದ್ದ ವಿರೋಧಪಕ್ಷವು 1975ರ ಅಕ್ಟೋಬರಿನಲ್ಲಿ ಆಯವ್ಯಯ ಮಸೂದೆಗಳನ್ನು ತಡೆಹಿಡಿಯಿತು. ಬಿಕ್ಕಟ್ಟು ಬಗೆಹರಿಯದಿದ್ದಾಗ ಗವರ್ನರ್ ಜನರಲ್ ಸರ್ ಜಾನ್ ಕೆರ್ ನವೆಂಬರ್ 11ರಂದು ಪ್ರಧಾನಿಯನ್ನು ಪದಚ್ಯುತಗೊಳಿಸಿ, ವಿರೋಧಪಕ್ಷದ ನಾಯಕ ಮಾಲ್ಕಂ ಫ್ರೇಸರ್ ಅವರನ್ನು ಹಂಗಾಮಿಯಾಗಿ ನೇಮಿಸಿದರು. ಕೆರ್ ಕೂಡ ನ್ಯಾಯವಾದಿ, ಯುದ್ಧಕಾಲದಲ್ಲಿ ಸೇನೆಯ ಸಂಶೋಧನ ವಿಭಾಗದಲ್ಲಿ ದುಡಿದವರು, ವಿಟ್ಲಮ್ ಅವರ ಸಲಹೆಯಂತೆಯೇ ಆ ಹುದ್ದೆಗೆ ಬಂದವರು. ತಾನು ಎತ್ತಿ ಕೂರಿಸಿದವನ ಕೈಯಿಂದಲೇ ಬೀಳುವುದು ಜನಪದ ಕಥೆಗಳ ಹಳೆಯ ಆಶಯ. ಸಂಸತ್ತಿನ ವಿಸರ್ಜನೆಯ ಘೋಷಣೆಯನ್ನು ಕಾರ್ಯದರ್ಶಿ ಮೆಟ್ಟಿಲ ಮೇಲೆ ನಿಂತು ಓದಿ, ರಾಣಿಯನ್ನು ದೇವರು ಕಾಪಾಡಲಿ ಎಂಬ ರೂಢಿಯ ಹರಕೆಯಿಂದ ಮುಗಿಸಿದರು. ಕೂಡಲೇ ಮುಂದೆ ಬಂದ ವಿಟ್ಲಮ್, ರಾಣಿಗೇನೋ ಆ ಹರಕೆ ಸರಿ, ಗವರ್ನರ್ ಜನರಲ್ಲರನ್ನು ಕಾಪಾಡಲು ಯಾವುದರಿಂದಲೂ ಆಗದು ಎಂಬರ್ಥದ ಮಾತಾಡಿದರು. ಎದುರಾಳಿಯ ವಿಧ್ಯುಕ್ತ ಸೂತ್ರವನ್ನೇ ಕಸಿದು ಶಾಪವಾಗಿ ತಿರುಗಿಸುವ ಈ ತಂತ್ರ ಮೌಖಿಕ ಪರಂಪರೆಯನ್ನು ಬಲ್ಲವರಿಗೆ ಪರಿಚಿತವಾದುದು. ಬರೆದುಕೊಂಡು ಬಂದಿರದ ಆ ಮಾತು ಅವರ ಎಲ್ಲ ಲಿಖಿತ ಭಾಷಣಗಳನ್ನು ಹಿಂದಿಕ್ಕಿತು. ಡಿಸೆಂಬರ್ 13ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 127ರಲ್ಲಿ 36 ಸ್ಥಾನಗಳು ಮಾತ್ರ ದೊರೆತವೆಂಬುದು ಕಥೆಯ ಓಟದಲ್ಲಿ ಮರೆತುಹೋಗುತ್ತದೆ.

ಪದಚ್ಯುತಿಯ ಸುತ್ತ ವದಂತಿಗಳೂ ಬೆಳೆದವು. ಅರಮನೆಯ ಸಂಚು, ವಿದೇಶಿ ಗೂಢಚಾರರ ಕೈವಾಡ ಮೊದಲಾದ ವಾದಗಳು ದಶಕಗಳ ಕಾಲ ಹರಿದಾಡಿದವು. ಇತಿಹಾಸಕಾರ್ತಿ ಜೆನ್ನಿ ಹಾಕಿಂಗ್ ಅವರ ಕಾನೂನು ಹೋರಾಟದ ಫಲವಾಗಿ ಕೆರ್ ಮತ್ತು ಅರಮನೆಯ ನಡುವಿನ 200ಕ್ಕೂ ಹೆಚ್ಚು ಪತ್ರಗಳು 2020ರ ಜುಲೈ 14ರಂದು ಬಹಿರಂಗವಾದವು. ರಾಣಿಗೆ ಮೊದಲೇ ತಿಳಿಸದೆ ಇದ್ದುದೇ ಒಳಿತೆಂದು ಕೆರ್ ಬರೆದಿದ್ದುದು ಅವುಗಳಲ್ಲಿ ಕಂಡಿತು. ಒಂದು ಪಕ್ಷ ಇದರಿಂದ ಸಂಚಿನ ವಾದ ಮುಗಿಯಿತೆಂದಿತು. ಇನ್ನೊಂದು ಪಕ್ಷ ಅದೇ ಪತ್ರಗಳಲ್ಲಿ ಸಂಚಿನ ಹೊಸ ಎಳೆಗಳನ್ನು ಕಂಡಿತು. ದಾಖಲೆ ದೊರೆತೊಡನೆ ಐತಿಹ್ಯ ಸಾಯುತ್ತದೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಹೀಗೆ ಉಬ್ಬಿದ ಕಥನದಲ್ಲಿ ಕಳೆದುಹೋಗುವ ಸಂಗತಿಗಳಲ್ಲಿ ಪೂರ್ವ ತಿಮೋರ್ ಒಂದು. ಅಲ್ಲಿನ ಜನರ ಇಚ್ಛೆಯನ್ನು ಅಲಕ್ಷಿಸಬಾರದೆನ್ನುತ್ತಲೇ, ಆ ನಾಡು ಇಂಡೊನೇಷ್ಯದಲ್ಲಿ ಸೇರುವುದು ತಮಗೆ ಸಮ್ಮತವೆಂದು ವಿಟ್ಲಮ್ 1974ರಲ್ಲಿ ಸುಹಾರ್ತೊ ಅವರಿಗೆ ತಿಳಿಸಿದ್ದರು. ಸಣ್ಣ ಜನಾಂಗವೊಂದರ ಭೂಹಕ್ಕಿಗೆ ಮಣ್ಣು ಸುರಿದವರು ಇನ್ನೊಂದರ ವಿಷಯದಲ್ಲಿ ಹೀಗೆ ನಡೆದುಕೊಂಡದ್ದನ್ನು ವೀರಕಥನದ ಅಂದಕ್ಕಾಗಿ ಮುಚ್ಚಿಡುವುದು ಸಂಶೋಧಕರಿಗೆ ತರವಲ್ಲ.

ಮಣ್ಣಿನ ಪ್ರಸಂಗ ಕಾಲಾನುಕ್ರಮದಲ್ಲಿ ಪದಚ್ಯುತಿಗಿಂತ ಮೂರು ತಿಂಗಳು ಮೊದಲಿನದು. ಉತ್ತರ ಪ್ರಾಂತ್ಯದ ವೇವ್ ಹಿಲ್ ಎಂಬ ವಿಶಾಲ ಪಶುಪಾಲನ ಕೇಂದ್ರ ಬ್ರಿಟನ್ನಿನ ವೆಸ್ಟಿ ಮನೆತನದ ಕಂಪೆನಿಯ ವಶದಲ್ಲಿತ್ತು. 1966ರ ಆಗಸ್ಟ್ 23ರಂದು ವಿನ್ಸೆಂಟ್ ಲಿಂಗಿಯಾರಿ ಅವರ ನೇತೃತ್ವದಲ್ಲಿ ಗುರಿಂಜಿ ಜನಾಂಗದ ಸುಮಾರು 200 ಮಂದಿ ದನಗಾಹಿಗಳು, ಮನೆಗೆಲಸದವರು ಮತ್ತು ಅವರ ಕುಟುಂಬದವರು ಕೆಲಸ ಬಿಟ್ಟು ಹೊರನಡೆದರು. ಹೊರಗಿನವರು ಇದನ್ನು ಕೂಲಿಯ ಮುಷ್ಕರವೆಂದು ಬಗೆದರು. ಗುರಿಂಜಿ ಜನರಿಗೆ ಅದು ತಮ್ಮ ನೆಲಕ್ಕೆ ಮರಳುವ ನಡಿಗೆಯಾಗಿತ್ತು. ಅವರು ದಗುರಗು ಎಂಬಲ್ಲಿ ನೆಲೆನಿಂತು ಕಾದರು. ಅಧಿಕಾರಕ್ಕೆ ಬಂದ ವಿಟ್ಲಮ್, ಭೂಹಕ್ಕಿನ ವಿಚಾರಣೆಗೆ 1973ರಲ್ಲಿ ಆಯೋಗ ನೇಮಿಸಿ, ಗೋವ್ ಮೊಕದ್ದಮೆಯಲ್ಲಿ ಯೋಲ್ಙು ಪರ ವಾದಿಸಿ ಸೋತಿದ್ದ ವಕೀಲ ಎಡ್ವರ್ಡ್ ವುಡ್‌ವರ್ಡ್ ಅವರನ್ನೇ ಅದರ ಮುಖ್ಯಸ್ಥರನ್ನಾಗಿಸಿದರು. ಉತ್ತರ ಪ್ರಾಂತ್ಯವು ರಾಜ್ಯವಾಗಿರದೆ ನೇರವಾಗಿ ಕೇಂದ್ರದ ಅಧೀನದಲ್ಲಿದ್ದುದರಿಂದ ಇಲ್ಲಿ ಸಂವಿಧಾನದ ತೊಡಕಿರಲಿಲ್ಲ.

1975ರ ಆಗಸ್ಟ್ 16ರಂದು ವಿಟ್ಲಮ್ ದಗುರಗುವಿಗೆ ಬಂದು ಸುಮಾರು 3,200 ಚದರ ಕಿಲೋಮೀಟರ್ ನೆಲದ ಪತ್ರಗಳನ್ನು ಒಪ್ಪಿಸಿದರು. ಬಳಿಕ ಲಿಂಗಿಯಾರಿ ಅವರ ಅಂಗೈಗೆ ಒಂದು ಹಿಡಿ ಮಣ್ಣು ಸುರಿದರು. ಪತ್ರವು ಆಸ್ಟ್ರೇಲಿಯದ ಕಾನೂನಿಗೆ ಪುರಾವೆ, ಮಣ್ಣು ಮುಂದಿನ ಪೀಳಿಗೆಗಳಿಗೂ ಉಳಿಯುವ ಒಡೆತನದ ಕುರುಹು ಎಂಬ ಅರ್ಥದಲ್ಲಿ ಮಾತಾಡಿದರು. ಈ ಆಚರಣೆ ಎಲ್ಲಿಂದ ಬಂದಿತು? ಇದು ಗುರಿಂಜಿ ಜನರದಲ್ಲ. ಮಾನವಶಾಸ್ತ್ರಜ್ಞ ಸ್ಟ್ಯಾನರ್ ಅವರ ಸೂಚನೆ, ಸಲಹೆಗಾರ ಕೂಂಬ್ಸ್ ಅವರ ಮೂಲಕ ಪ್ರಧಾನಿಗೆ ತಲುಪಿತ್ತು. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬ ವಲಸೆಗಾರನು ಪೋರ್ಟ್ ಫಿಲಿಪ್ ಪ್ರದೇಶದ ಹಿರಿಯರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಆ ಹಿರಿಯರು ಅವನ ಕೈಗೆ ಮಣ್ಣಿತ್ತರೆಂಬ ದಾಖಲೆಯಿದೆ. ಅದನ್ನು ಈಗ ತಿರುವುಮುರುವಾಗಿಸಿ ಮಣ್ಣನ್ನು ಹಿಂದಿರುಗಿಸಲಾಯಿತು. 1835ರ ಆ ಕ್ರಿಯೆಯ ಹಿಂದೆಯೂ ಇದ್ದುದು ಇಂಗ್ಲೆಂಡಿನ ಹಳೆಯ ರೂಢಿ. ಬರಹದ ಕರಾರು ಪ್ರಬಲವಾಗುವ ಮುನ್ನ ಅಲ್ಲಿ ಸಾಕ್ಷಿಗಳೆದುರು, ಆಯಾ ನೆಲದ ಮೇಲೆಯೇ ನಿಂತು, ಮಣ್ಣಿನ ಹೆಂಟೆಯನ್ನು ಕೈಗಿತ್ತರೆ ಮಾತ್ರ ಒಡೆತನ ವರ್ಗವಾಗುತ್ತಿತ್ತು. ಧಾರೆಯೆರೆದು ಕೊಡುವುದು ಎಂಬ ನುಡಿಗಟ್ಟನ್ನು ಇಂದಿಗೂ ಬಳಸುವ ನಮಗೆ ಇದು ಅಪರಿಚಿತವೆನಿಸದು. ಬರಹದ ಕಾನೂನು ತನ್ನದೇ ಮೌಖಿಕ ಬಾಲ್ಯವನ್ನು ನೆನೆದುಕೊಂಡ ಗಳಿಗೆಯೆಂದು ನಾನು ಇದನ್ನು ಓದುತ್ತೇನೆ.

ಮೂಲನಿವಾಸಿ ಛಾಯಾಗ್ರಾಹಕ ಮರ್ವಿನ್ ಬಿಷಪ್ ತೆಗೆದ ಚಿತ್ರದಿಂದ ಈ ದೃಶ್ಯ ದೇಶದುದ್ದಕ್ಕೂ ಪರಿಚಿತವಾಯಿತು. ನಿಜವಾದ ಕ್ರಿಯೆ ನಡೆದದ್ದು ನೆರಳಿನ ಚಪ್ಪರದಡಿ. ಬೆಳಕು ಸಾಲದೆಂದು ಬಿಷಪ್ ಇಬ್ಬರನ್ನೂ ಬಿಸಿಲಿಗೆ ಕರೆತಂದು ಮತ್ತೊಮ್ಮೆ ಮಾಡಿಸಿದರು. ಆದ್ದರಿಂದ ಜನರು ಕಂಡ ನೀಲಾಕಾಶದ ಚಿತ್ರ ಆಚರಣೆಯದಲ್ಲ, ಆಚರಣೆಯ ಪ್ರದರ್ಶನದ್ದು. ಪ್ರದರ್ಶನವೆಂದು ಅದನ್ನು ಹಗುರಾಗಿ ಕಾಣುವಂತಿಲ್ಲ. ಪುನರಭಿನಯವಿಲ್ಲದೆ ಯಾವ ಆಚರಣೆ ತಾನೇ ಉಳಿದೀತು? 1991ರಲ್ಲಿ ಪಾಲ್ ಕೆಲ್ಲಿ ಮತ್ತು ಕೆವ್ ಕಾರ್ಮೊಡಿ ಈ ಪ್ರಸಂಗವನ್ನು 'ಫ್ರಮ್ ಲಿಟಲ್ ಥಿಂಗ್ಸ್ ಬಿಗ್ ಥಿಂಗ್ಸ್ ಗ್ರೋ' ಎಂಬ ಲಾವಣಿಯಾಗಿಸಿದರು. ಅದರಲ್ಲಿ ಲಿಂಗಿಯಾರಿಗೆ ಹೆಸರಿದೆ, ವಿಟ್ಲಮ್‌ಗೆ ಇಲ್ಲ. ಆರಡಿ ನಾಲ್ಕಂಗುಲದ ಪ್ರಧಾನಿ ಅಲ್ಲಿ ಎಲ್ಲಿಂದಲೋ ಬಂದ ಎತ್ತರದ ಅಪರಿಚಿತ. ಕಾದ ಕಾಲ ಒಂಬತ್ತು ವರ್ಷ, ಲಾವಣಿಯಲ್ಲಿ ಎಂಟು. 2014ರ ಅಕ್ಟೋಬರ್ 21ರಂದು ವಿಟ್ಲಮ್ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಸಿಡ್ನಿ ಟೌನ್‌ಹಾಲಿನ ಸ್ಮರಣಸಭೆಯಲ್ಲಿ ಆ ಇಬ್ಬರೂ ಇದೇ ಹಾಡನ್ನು ಹಾಡಿದರು.

ಅಂದು ಒಪ್ಪಿಸಿದ ಪತ್ರವಾದರೂ ಗೇಣಿಯ ಪತ್ರವೇ ಹೊರತು ಪೂರ್ಣ ಒಡೆತನದ್ದಲ್ಲ. ವಿಟ್ಲಮ್ ಸರ್ಕಾರ ಮಂಡಿಸಿದ್ದ ಭೂಹಕ್ಕು ಮಸೂದೆ ಪದಚ್ಯುತಿಯೊಡನೆ ಬಿದ್ದುಹೋಗಿ, ಮರುವರ್ಷ ಫ್ರೇಸರ್ ಸರ್ಕಾರದ ಅವಧಿಯಲ್ಲಿ ಮಾರ್ಪಾಡುಗಳೊಂದಿಗೆ ಅಂಗೀಕಾರವಾಯಿತು. ದಗುರಗುವಿನ ಪರಭಾರೆಗೆ ಅವಕಾಶವಿಲ್ಲದ ಪೂರ್ಣ ಹಕ್ಕುಪತ್ರ ಗುರಿಂಜಿ ಜನರಿಗೆ ದೊರೆತದ್ದು 1986ರಲ್ಲಿ; ವೇವ್ ಹಿಲ್ ಕೇಂದ್ರದ ಉಳಿದ ನೆಲದ ಮೇಲಿನ ಪರಂಪರಾಗತ ಹಕ್ಕನ್ನು ಫೆಡರಲ್ ನ್ಯಾಯಾಲಯ ಒಪ್ಪಿದ್ದು 2020ರಲ್ಲಿ. ಗುರಿಂಜಿ ಹಿರಿಯರು ತಮ್ಮ ಭಾಷೆಯಲ್ಲಿ ಹೇಳಿದ ಮೌಖಿಕ ಇತಿಹಾಸವು 'ಯಿಜಾರ್ನಿ' ಎಂಬ ಹೆಸರಿನಲ್ಲಿ 2016ರಲ್ಲಿ ಪ್ರಕಟವಾಗಿದೆ. ಆ ಶಬ್ದದ ಅರ್ಥ ನಿಜ ಎಂದು. ಪ್ರಧಾನಿ ಮಣ್ಣು ಸುರಿದ ಬಳಿಕ ಲಿಂಗಿಯಾರಿ ತಮ್ಮವರತ್ತ ತಿರುಗಿ ಗುರಿಂಜಿ ಭಾಷೆಯಲ್ಲಿ ಮಾತಾಡಿದ್ದರು. ಭಾಷಾವಿಜ್ಞಾನಿ ಪ್ಯಾಟ್ರಿಕ್ ಮೆಕಾನ್ವೆಲ್ ಅದನ್ನು ಅನುವಾದಿಸಿದ್ದಾರೆ. ಬಿಳಿಯರ ದೊಡ್ಡವರು ಈ ನೆಲವನ್ನು ವಿಧಿಪೂರ್ವಕವಾಗಿ ಕೊಡುತ್ತಿದ್ದಾರೆ, ಇಂದು ಅದು ನಮ್ಮ ಕೈಯಲ್ಲಿದೆ ಎಂಬುದು ಆ ಮಾತಿನ ತಾತ್ಪರ್ಯ.